ಆರ್.ಎ.ಸಿ. ಟಿಕೆಟ್ಟು ವಾಪಸು ಮಾಡಬೇಡಿ

ರೀ,

ಚಿಂತಾಮಣಿ ಬಸ್ಸಿಗೆ ಹೊತ್ತಾಯಿತು, ಸ್ಕೂಲಿಗೆ ಹೊರಟೆ. ನೀವು ರೇಷ್ಮೆಗೂಡಿನ ಮಾರ್ಕೆಟ್‌ನಿಂದ ಬರುವಷ್ಟರಲ್ಲಿ ಬಸ್ಸಾರು ಆರಿರುತ್ತದೆ, ಬಿಸಿ ಮಾಡಿಕೊಳ್ಳಿ.

ಬೊಂಬಾಯಿ ಟಿಕೆಟ್ಟು ಕ್ಯಾಲೆಂಡರಿನ ಹಿಂದಿದೆ. ಗೂಡು ಮುಟ್ಟಿದ ಕೈ ತೊಳೆದು ಮುಟ್ಟಿ.

ಅದನ್ನು ವಾಪಸು ಮಾಡಲು ಬೆಂಗಳೂರಿಗೆ ಹೋಗಬೇಡಿ. "ಆರ್.ಎ.ಸಿ. ಅಂದ್ರೆ ಸೀಟೇ ಇಲ್ಲ ಕಣೇ" ಅಂತ ನಿನ್ನೆ ಕೂಗಾಡಿದಿರಲ್ಲ, ಅದು ತಪ್ಪು. ಸೀಟಿಲ್ಲದಿರುವುದು ವೇಟಿಂಗ್ ಲಿಸ್ಟಿನವರಿಗೆ. ಕನ್‌ಫರ್ಮ್ ಆದರೆ ಮಲಗಲು ಒಬ್ಬೊಬ್ಬರಿಗೂ ಒಂದೊಂದು ಬರ್ತ್. ಆರ್.ಎ.ಸಿ.ಯಲ್ಲಿ ರೈಲು ಹತ್ತಬಹುದು, ಆದರೆ ಕಿಟಕಿ ಪಕ್ಕದ ಒಂದೇ ಬರ್ತಿನಲ್ಲಿ ಇಬ್ಬರೂ ಎದುರುಬದುರು ಕೂರಬೇಕು.

ಮರೆತೇಬಿಟ್ಟಿರಾ? ಮದುವೆಯಾದ ವರ್ಷ, ಎಂಬತ್ತನಾಲ್ಕರಲ್ಲಿ, ಬೊಂಬಾಯಿಯಲ್ಲಿರುವ ನಮ್ಮಣ್ಣನ ಮನೆಗೆ ಹೀಗೇ ಆರ್.ಎ.ಸಿ.ಯಲ್ಲಿ ಹೋಗಿದ್ದೆವು. ಕಾಲು ಚಾಚಲು ಜಾಗವಿಲ್ಲದೆ ನನ್ನ ಪಾದ ನಿಮ್ಮ ತೊಡೆಯ ಮೇಲಿತ್ತು. "ನಂಗೆ ಜಾಸ್ತಿ ಮಾತು ಬರಲ್ಲಮ್ಮ" ಅಂದವರು ಗುಂಟಕಲ್ ದಾಟಿದರೂ ಬಾಯಿ ಮುಚ್ಚಲಿಲ್ಲ. ಒಂದು ಬರ್ತ್ ಖಾಲಿಯಿದೆ ಅಂತ ಟಿ.ಟಿ. ಬಂದು ಹೇಳಿದರೆ, "ಬೇಡ ಸಾರ್, ಇಲ್ಲೇ ಚೆನ್ನಾಗಿದೆ" ಅಂದುಬಿಟ್ಟಿರಿ.

ಈಗ ನೀವು ಬರುವಾಗ ನಾನಿರುವುದಿಲ್ಲ, ನಾನು ಬರುವಾಗ ನೀವು ಮಗ್ಗುಲು ಬದಲಿಸಿ ಮಲಗಿರುತ್ತೀರಿ. ನಮ್ಮ ಮಾತೆಲ್ಲ ಚೀಟಿಯಲ್ಲೇ.

ಇನ್ನೊಂದು ವಿಷಯ ನಿನ್ನೆ ನಿಮ್ಮ ಕೂಗಾಟದಲ್ಲಿ ಹೇಳಲಾಗಲಿಲ್ಲ. ನಾನು ಈ ಟಿಕೆಟ್ಟು ತೆಗೆಸುವಾಗ, ಇದರ ಮರುದಿನದ ರೈಲಿನಲ್ಲಿ ಎರಡು ಬರ್ತ್ ಕನ್‌ಫರ್ಮ್ ಸಿಗುತ್ತಿತ್ತು. ಕೌಂಟರಿನವರು ಎರಡು ಸಲ ಕೇಳಿದರು. ನಾನೇ ಬೇಡ ಅಂದೆ.

ಸುಗುಣ