ಗಲಗಲಿ ಕಟ್ಟೆಗೊಂದು ಕಂಬಿ

ಅಮೋಲಣ್ಣಾ,

ಕಾಲೇಜಿನ ಪ್ರಾಜೆಕ್ಟಿಗೆ ಅಲ್ಲಿನ ಬಂದರಿನ ಅಳತೆ ತರಲು ಕಾರವಾರಕ್ಕೆ ಹೊರಟಿದ್ದೇನೆ, ಶುಕ್ರವಾರ ಬರುತ್ತೇನೆ. ಅವ್ವನ ಬಿ.ಪಿ. ಗುಳಿಗೆ ನೀನೇ ಕೊಡು, ಈ ಸಲವಾದರೂ ಮರೆಯಬೇಡ.

ಮೇಜಿನ ಮೇಲಿರುವುದು ಅದೇ ಪ್ರಾಜೆಕ್ಟಿಗಾಗಿ ಗಲಗಲಿ ದೋಣಿಕಟ್ಟೆಗೆ ನಾನು ಬರೆದ ನಕ್ಷೆ. ಸುತ್ತಿಡಬೇಡ. ಅಪ್ಪ ಅಲ್ಲಿ ದೋಣಿಯಿಂದ ಇಳಿಯುವಾಗ ಜಾರಿ ಹೊಳೆಪಾಲಾದ ಮೇಲೆ ಅವ್ವ ಆರು ವರ್ಷ ಹೊಳೆಯ ಮಾತೇ ಎತ್ತಿರಲಿಲ್ಲವಲ್ಲ, ನಿನ್ನೆ ತಾನಾಗಿ ಬಂದು ನನ್ನ ಪಕ್ಕ ಕುಳಿತಳು.

"ದೋಣಿಯಿಂದ ಎಲ್ಲಿ ಇಳೀತಾರ, ಸುವರ್ಣಾ?"

ತೋರಿಸಿದೆ. ನನ್ನ ಪೆನ್ಸಿಲ್ ತೆಗೆದುಕೊಂಡು ಅಲ್ಲೇ ಒಂದು ಸೊಟ್ಟ ಗೆರೆ ಎಳೆದಳು.

"ಇಲ್ಲೊಂದು ಕಂಬಿ ಇರ್ಲಿ. ಹಿಡಕೊಳ್ಳಾಕ ಏನಾರ ಬೇಕಲ್ಲ."

ಆಮೇಲೆ ಬಹಳ ಹೊತ್ತು ಅತ್ತಳು. ಇವತ್ತು ಏನೂ ಕೇಳಬೇಡಣ್ಣಾ, ಸುಮ್ಮನೆ ಅವಳ ಪಕ್ಕ ಕುಳಿತಿರು.

ಸುವರ್ಣಾ