ಕಣ್ಣಾಸ್ಪತ್ರೆಯ ಸಹಾಯಕ್ಕೆ ಆಡಿದ ಆಟ

ಮೈಸೂರು, ಶನಿವಾರ

ಅಕ್ಕನವರಿಗೆ ಸವರಿಯಮ್ಮ ಮಾಡುವ ಸ್ತೋತ್ರ.

ನಿನ್ನೆ ಇಲ್ಲಿ ಕಣ್ಣಾಸ್ಪತ್ರೆ ಕಟ್ಟುವ ಸಹಾಯಾರ್ಥವಾಗಿ ನಾಟಕ ಕಂಪನಿಯ ಹಾಸ್ಯಗಾರರಿಂದ ಗಾಲ್ಫ್ ಆಡಿಸಿದರು. ಡೊಂಕು ಕೋಲಿನಿಂದ ಬಿಳಿ ಚೆಂಡನ್ನು ಹೊಡೆದು ಕುಳಿಗೆ ಬೀಳಿಸುವ ಆಟ. ಅವರಲ್ಲಿ ನಮ್ಮ ತಮ್ಮ ಅಮಲದಾಸ ಏಳು ಸಲ ಬೀಸಿದರೂ ಬರೀ ಹುಲ್ಲು ಹಾರಿತು. ದೊರೆಗಳು, ದೊರೆಸಾನಿಗಳು ಬಿದ್ದು ಬಿದ್ದು ನಕ್ಕರು. ನಟನೆಯೆಂದು ನಾನೂ ನಕ್ಕೆ. ಆಮೇಲೆ ಅವನು ನನ್ನ ಕೈ ಹಿಡಿದು, "ಚೆಂಡು ಎಲ್ಲೈತೆ ಅಂತಾನೇ ಕಾಣ್ಲಿಲ್ಲ ಕಣಕ್ಕ. ಕಂಪನಿಯೋರಿಗೆ ಹೇಳ್ಬೇಡ, ತೆಗೆದಾಕ್ಬುಡ್ತಾರೆ" ಎಂದ.

ಈ ದಿನ ಡಾಕ್ಟರು ನೋಡಿ, ಅವನ ಎರಡು ಕಣ್ಣೂ ಕೈಮೀರಿವೆ ಎಂದರು. ಆದರೂ ರಾತ್ರಿ ಹೊತ್ತಿದ್ದ ಹರಕೆಯ ಬೆಳ್ಳಿ ಕಣ್ಣುಗಳನ್ನು ಚರ್ಚಿನಲ್ಲಿ ಒಪ್ಪಿಸಿ ಬಂದೆ.

ಅಮ್ಮನಿಗೆ ಇದನ್ನೆಲ್ಲ ಓದಬೇಡಿ. ಮಗ ಎಲ್ಲರನ್ನೂ ನಗಿಸಿದ ಎಂದಷ್ಟೇ ಹೇಳಿ.

ಸವರಿ