ನಲವತ್ತು ಜನರ ಸಲಾಡ್

ಅಮ್ಮತ್ತಿ,
9-11-1958

ಪ್ರೀತಿಯ ಮಗಳು ಯಮುನಳಿಗೆ ಅಪ್ಪ ಪೂವಯ್ಯನ ಮನಸಾರೆ ಹರಕೆಗಳು.

ನಿನ್ನ ಕಾಗದ ಬಂದು ಮೂರು ವಾರವಾಯಿತು. ತಡವಾದದ್ದಕ್ಕೆ ಬೇಸರಿಸಬೇಡ. ಎಂದಿನಂತೆ ಅವ್ವನ ಹೆಸರಿಗೇ ಬರೆದಿದ್ದೀಯೆ. ಅಳಿಯಂದಿರು ಮೈಸೂರಿನ ಹೋಟೆಲಿನಲ್ಲಿ ಸಲಾಡ್ ತಿಂದು ಮೆಚ್ಚಿದ್ದಾರೆ, ದೊರೆಗಳ ಕ್ಲಬ್ಬಿನಲ್ಲಿ ಹೇಗೆ ಮಾಡುತ್ತಿದ್ದರೆಂದು 'ಅವರನ್ನು' ಕೇಳಿ ಬರೆಸು ಎಂದಿದ್ದೀಯೆ. 'ಅವರು' ಎಂದರೆ ನಾನು. ಅವ್ವನಿಗೆ ಓದು ಬಾರದು, ಓದಿ ಹೇಳುವವನು ನಾನೇ ಎಂದು ನಿನಗೂ ಗೊತ್ತು. ಮದುವೆಯಾಗಿ ನಾಲ್ಕು ವರ್ಷವಾಯಿತು. ಒಂದಾದರೂ ಕಾಗದ ನನ್ನ ಹೆಸರಿಗೆ ಬರಲಿ ಎಂಬ ಆಸೆ ನನಗಿದೆ, ಮುಚ್ಚಿಡುವುದೇನು.

ತಡವಾಗಲು ಕಾರಣ ಕೇಳು. ಕ್ಲಬ್ಬಿನ ಅಡುಗೆಯವನಾದ ನನ್ನ ಕೈಗೆ ಗೊತ್ತಿರುವುದು ನಲವತ್ತು ಜನರ ಅಳತೆ ಮಾತ್ರ. ಇಪ್ಪತ್ತು ಮೊಟ್ಟೆ, ಎರಡು ಬಾಟಲಿ ಎಣ್ಣೆ ಎಂದರೆ ಕಣ್ಣು ಮುಚ್ಚಿಕೊಂಡು ಮಾಡಿಯೇನು. ಇಬ್ಬರಿಗೆ ಎಷ್ಟು ಎಂದಾಗ ತಲೆ ಕೆಟ್ಟುಹೋಯಿತು. ಮನೆಯಲ್ಲೇ ಮಾಡಿ ನೋಡಿದೆ. ಮೊದಲ ಸಲ ವಿನೆಗರ್ ತರಲು ಮರೆತೆ. ಅವ್ವ ಹಂದಿ ಸಾರಿಗೆ ಹಾಕುವ ಕಪ್ಪು ಹುಳಿ, ಕಾಚಂಪುಳಿ ಕೊಟ್ಟಳು. ಒಂದೇ ಚಮಚಕ್ಕೆ ಎಲ್ಲಾ ಮಸಿ ಬಣ್ಣವಾಯಿತು. ಎರಡನೆಯ ಸಲ ನಾನು ನೀರು ತರಲು ಹೋದಾಗ ಅವಳು ಸಾಸಿವೆ, ಕರಿಬೇವಿನ ಒಗ್ಗರಣೆ ಹುಯ್ದುಬಿಟ್ಟಿದ್ದಳು. ಸೊಪ್ಪು ಬಾಡಿ ಮುದ್ದೆಯಾಯಿತು. ಕೇಳಿದರೆ, "ಎಣ್ಣೆ ಕಾಯದೆ ಎಂಥ ರುಚಿ? ಹಸಿ ಸೊಪ್ಪು ತಿಂಬಕೆ ನಾವೇನ್ ದನಗಳಾ?" ಅಂದಳು. ಅವಳ ಬಾಯಿಯೆದುರು ನಾನು ಗೆದ್ದದ್ದು ಯಾವಾಗ?

ಮೂರನೆಯ ಸಲ ಕೂಡಿಬಂತು. ಒಂದು ಮೊಟ್ಟೆಯ ಹಳದಿ, ಚಿಟಿಕೆ ಉಪ್ಪು, ಚಿಟಿಕೆ ಸಕ್ಕರೆ, ಕಾಲು ಚಮಚ ಸಾಸಿವೆ ಪುಡಿ. ಅರ್ಧ ಲೋಟ ಕಡಲೆಕಾಯಿ ಎಣ್ಣೆಯನ್ನು ಹನಿಹನಿಯಾಗಿ ಬಿಡುತ್ತ ಒಂದೇ ದಿಕ್ಕಿಗೆ ತಿರುಗಿಸು. ಅವಸರ ಮಾಡಿದರೆ ಒಡೆಯುತ್ತದೆ. ಬೆಣ್ಣೆಯಷ್ಟು ಗಟ್ಟಿಯಾದ ಮೇಲೆ ಒಂದು ಚಮಚ ವಿನೆಗರ್. ಲೆಟ್ಯೂಸ್ ಸೊಪ್ಪನ್ನು ತಣ್ಣೀರಿನಲ್ಲಿ ತೊಳೆದು ಬಟ್ಟೆಯಲ್ಲಿ ಕಟ್ಟಿ ಕೊಡವು, ನೀರು ಉಳಿಯಬಾರದು. ಚಾಕು ಬೇಡ, ಕೈಯಲ್ಲೇ ಹರಿ. ತಟ್ಟೆಗೆ ಹಾಕುವ ಮುಂಚೆಯಷ್ಟೇ ಬೆರೆಸು.

ತಿರುಗಿಸುತ್ತ ಕುಳಿತಾಗ ಹಳೆಯ ಶನಿವಾರಗಳು ನೆನಪಾದವು. ಟೆನಿಸ್ ಮುಗಿಸಿ ದೊರೆಗಳು ಊಟಕ್ಕೆ ಬರುವುದು, ಒಳಗೆ ಪಿಯಾನೋ, ಗಂಜಿ ಹಾಕಿದ ಬಿಳಿ ಕೋಟಿನಲ್ಲಿ ನಾನು ಗಾಜಿನ ಬೋಗುಣಿ ಹೊತ್ತು ಹೋಗುವುದು. ಈಗ ದೊರೆಗಳು ಒಬ್ಬೊಬ್ಬರಾಗಿ ಎಸ್ಟೇಟು ಮಾರಿ ಹಡಗು ಹತ್ತಿದ್ದಾರೆ. ಹೊಸ ಮೆಂಬರುಗಳಿಗೆ ಹಂದಿ ಸಾರು, ಕಡುಬು ಇದ್ದರೆ ಸಾಕು. ಇಪ್ಪತ್ತೆರಡು ವರ್ಷ ಮಾಡಿದರೂ ಒಂದು ತಟ್ಟೆ ಕೂತು ತಿಂದವನಲ್ಲ ನಾನು. ಮೊನ್ನೆ ಮಣೆ ಹಾಕಿಕೊಂಡು ತಿಂದೆ. ಚೆನ್ನಾಗಿದೆ, ಯಮುನಾ. ಅವ್ವನೂ ಎರಡು ಸಲ ಬಡಿಸಿಕೊಂಡಳು, ಚೆನ್ನಾಗಿದೆ ಎಂದು ಮಾತ್ರ ಹೇಳಲಿಲ್ಲ.

ಹುತ್ತರಿ ಹಬ್ಬಕ್ಕೆ ಇಬ್ಬರೂ ಬನ್ನಿ. ಇಗ್ಗುತ್ತಪ್ಪ ದೇವರು ನಿಮ್ಮನ್ನು ತಣ್ಣಗಿಟ್ಟಿರಲಿ.

ನಿನ್ನ ಅಪ್ಪ,
ಪೂವಯ್ಯ

ಮತ್ತೆ: ಕಾಗದ ಮಡಿಸಿದವನು ಪುನಃ ಬಿಚ್ಚಿದ್ದೇನೆ. ಇದನ್ನು ಅವ್ವನಿಗೆ ಓದಿ ಹೇಳಿಲ್ಲ. ನಾಲ್ಕನೇ ಕ್ಲಾಸು ಪಾಸಾದ ದಿನ ನೀನು ಸುದ್ದಿ ಹೇಳಲು ಕ್ಲಬ್ಬಿನ ಹಿಂಬಾಗಿಲಿಗೆ ಓಡಿ ಬಂದಿದ್ದೆ. ಕೆಲಸದವರ ಮಕ್ಕಳು ಆ ಕಡೆ ಸುಳಿಯಬಾರದೆಂದು ಕಟ್ಟಪ್ಪಣೆ ಇತ್ತು. ರುಚಿ ನೋಡಲು ಬಂದಿದ್ದ ದೊರೆಸಾನಿ ಹರಕು ಕನ್ನಡದಲ್ಲಿ ಯಾರಿದು ಎಂದರು. "ಕೂಲಿ ಲೈನಿನ ಹುಡುಗಿ, ಮಿಕ್ಕಿದ್ದು ಕೇಳೋಕೆ ಬಂದಿದ್ದಾಳೆ" ಎಂದೆ. ಅವರು ಬ್ರೆಡ್ಡಿನ ತುಂಡು ನೀಡಿದರು. ನೀನು ನನ್ನ ಮುಖ ನೋಡಿದೆ, ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡು ಹೋದೆ. ನನ್ನ ಕೆಲಸ ಉಳಿಯಿತು. ಅಂದಿನಿಂದ ನೀನು ನನ್ನನ್ನು ಅಪ್ಪ ಎಂದು ಕರೆದಿಲ್ಲ.

ತಪ್ಪಾಯಿತು, ಮಗಳೇ.